ಬಾಳಿಗೊಂದು ಏರಿ



ಚನ್ನಗಿರಿ ಸೀಮೆಯ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ನಮ್ಮಲ್ಲಿ ನೋಡದವರು ಕಡಿಮೆ. ಹರಿದ್ರಾ ಹೊಳೆಯು ಎರಡು ಗುಡ್ಡಗಳ ಸಂದಿನಿಂದ ಹೊರಡುವ ಸ್ಥಳದಲ್ಲಿ ಪೂರ್ವಿಕರು ಏರಿಯನ್ನು ಕಟ್ಟಿದ್ದರಿಂದ ನೀರು ನಿಂತಿತು. ತೂಬುಗಳನ್ನು ಇಟ್ಟದ್ದರಿಂದ ಅದು ಗದ್ದೆ ತೋಟಗಳನ್ನು ಮುಟ್ಟಿತು. ನಮ್ಮ ಒಳ್ಳೇ ಯೋಚನೆಗಳೂ ಹೊಳೆಯಂತಿವೆ. ಭಾನುವಾರ ಪ್ರಸಂಗ ಕೇಳುವಾಗ ತುಂಬಿ ಬರುತ್ತವೆ, ಸೋಮವಾರ ಹರಿದುಹೋಗುತ್ತವೆ. ಆದಕಾರಣ ನಾವು ಯಾವದಕ್ಕಾಗಿ ಬದುಕುತ್ತೇವೆ, ಯಾವದನ್ನು ಎಂದಿಗೂ ಮಾಡೆವು ಎಂಬದನ್ನು ಬರೆದಿಡುವದು ಅವಶ್ಯ. ಪ್ರವಾದಿಯಾದ ಹಬಕ್ಕೂಕನಿಗೂ ತಾನು ಕಂಡದ್ದನ್ನು ಹಲಗೆಗಳ ಮೇಲೆ ಸ್ಪಷ್ಟವಾಗಿ ಬರೆಯಬೇಕೆಂದು ಅಪ್ಪಣೆಯಾಯಿತಷ್ಟೆ.

ಅಮೇರಿಕದ ಜೊನಾಥನ್ ಎಡ್ವರ್ಡ್ಸ್ ಎಂಬ ಬೋಧಕನು 1722-23ರಲ್ಲಿ, ಇಪ್ಪತ್ತು ವರುಷ ತುಂಬುವದಕ್ಕೆ ಮುಂಚೆಯೇ, ತನ್ನ ನಡತೆಗಾಗಿ 70 ನಿರ್ಣಯಗಳನ್ನು ಬರೆದು, ಅವುಗಳನ್ನು ವಾರಕ್ಕೊಮ್ಮೆ ಓದಬೇಕೆಂದು ತನಗೆ ತಾನೇ ವಿಧಿಸಿಕೊಂಡನು. ಇದು ಅನುಸರಿಸತಕ್ಕದ್ದೇ. ಆದರೆ ಅದೇ ಮನುಷ್ಯನು 1731ರಲ್ಲಿ ಆಫ್ರಿಕ ಮೂಲದ ಒಬ್ಬ ಹುಡುಗಿಯನ್ನು ಹಣಕ್ಕೆ ಕೊಂಡು ದಾಸಿಯಾಗಿ ಇಟ್ಟುಕೊಂಡನು. ಏರಿಯು ಗಟ್ಟಿಯಾಗಿತ್ತು, ಆ ಹುಡುಗಿಯ ಕಡೆಗೆ ಮಾತ್ರ ತೂಬು ತೆರೆಯಲಿಲ್ಲ. ಇದನ್ನು ಹೇಳುವದು ಸತ್ತವನನ್ನು ನಿಂದಿಸುವದಕ್ಕಲ್ಲ, ನಮ್ಮನ್ನು ಶೋಧಿಸುವದಕ್ಕೆ. ನಾವು ಬರೆದದ್ದನ್ನು ನಮ್ಮ ಮನೆಯ ಸೊಸೆಯೂ ಹೊಲದ ಆಳೂ ಓದಿದರೆ ನಿಜವೆಂದು ಒಪ್ಪುವರೋ?

ಒಬ್ಬರ ಬರಹವು ಇನ್ನೊಬ್ಬರಿಗೆ ಸಾಲದು. ಯಾಕಂದರೆ ಶೋಧನೆಗಳು ಬೇರೆ ಬೇರೆ. ಚನ್ನಗಿರಿಯ ಅಡಿಕೆ ತೋಟದವನು, ದುಡಿದವನ ಕೂಲಿಯನ್ನು ನಾಳೆಗೆ ಇಡೆನು ಎಂದು ಬರೆಯಲಿ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದವನು, ಕೆಳಗಣ ಹೊಲದ ನೀರನ್ನು ಕದಿಯೆನು ಎನ್ನಲಿ. ನ್ಯಾಮತಿಯ ಅಂಗಡಿಯವನು, ಬಡವನಿಗೂ ಧನಿಕನಿಗೂ ನನ್ನ ತಕ್ಕಡಿ ಒಂದೇ ಎನ್ನಲಿ. ಮುಗಿಲನ್ನು ನೋಡುತ್ತಾ ಕೂತಿರುವ ಜಗಳೂರಿನವನು, ಬೆಳೆ ಹೋದ ವರುಷದಲ್ಲಿಯೂ ಕೊಟ್ಟ ಮಾತನ್ನು ಮರೆಯೆನು ಎನ್ನಲಿ.

ಹೆಚ್ಚು ಬೇಡ, ಮೂರು ವಾಕ್ಯಗಳು ಸಾಕು. ಅಕ್ಷರ ಬಾರದವರು ಮಕ್ಕಳ ಕೈಯಿಂದ ಬರೆಯಿಸಲಿ. ಆಗ ಮಗುವೇ ಸಾಕ್ಷಿಯಾಗುವದು. ಶನಿವಾರ ರಾತ್ರಿ ದೀಪದ ಮುಂದೆ ಅದನ್ನು ಓದಿ, ತಪ್ಪಿದ್ದಲ್ಲಿ ಅರಿಕೆ ಮಾಡಿ, ಯಾರಿಗೆ ಅನ್ಯಾಯವಾಯಿತೋ ಅವರ ಬಾಗಿಲಿಗೆ ಹೋಗೋಣ. ಬರಹದಲ್ಲೇ ಕೊರತೆ ಕಂಡರೆ ನಾಚದೆ ತಿದ್ದೋಣ. ಏರಿಯನ್ನು ಒಮ್ಮೆ ಕಟ್ಟಿದರೆ ಸಾಲದು; ಮಳೆಗಾಲಕ್ಕೆ ಮುಂಚೆ ಬಿರುಕುಗಳನ್ನು ನೋಡತಕ್ಕದ್ದು.

ನಮ್ಮ ಹೃದಯದ ಹಲಗೆಯ ಮೇಲೆ ಬರೆಯಬಲ್ಲ ಕರ್ತನು ನಮ್ಮ ನಡುಗುವ ಕೈಯನ್ನು ಹಿಡಿದು ನಡಿಸಲಿ. ಆಮೆನ್.