ರಾಗಕ್ಕೆ ಒಡೆಯರು ಯಾರು?

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ತಾಲೂಕಿನಲ್ಲಿ ಬುಕ್ಕಾಂಬುಧಿ ಎಂಬ ಗ್ರಾಮವುಂಟು. ಅಂಬುಧಿ ಎಂದರೆ ಸಮುದ್ರ. ಸಮುದ್ರದಿಂದ ಇಷ್ಟು ದೂರವಿರುವ ಊರಿಗೆ ಈ ಹೆಸರು ಹೇಗೆ ಸಲ್ಲುವದೆಂದು ಕೇಳಿದರೆ, ಕೆರೆಯ ಏರಿಯೇ ಉತ್ತರ ಹೇಳುವದು. ನಮ್ಮ ಹಿರಿಯರಿಗೆ ತುಂಬಿದ ಕೆರೆಯೇ ಸಮುದ್ರವಾಗಿತ್ತು. ಕೆರೆಯ ನೀರು ಯಾವನೊಬ್ಬನ ಸೊತ್ತೂ ಅಲ್ಲ. ಆದರೂ ತೂಬನ್ನು ಎತ್ತಿದ ಮೇಲೆ ಅದು ತೋಡಿದ ಕಾಲುವೆಯಲ್ಲಿಯೇ ಹರಿದು, ಆ ಕಾಲುವೆ ಮುಟ್ಟುವ ಗದ್ದೆಯನ್ನೇ ತೋಯಿಸುವದು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸಂಗತಿಯನ್ನು ಆಲೋಚಿಸೋಣ.

ಆ ಸೀಮೆಯ ಒಂದು ಮನೆಗೆ ಶಿವಮೊಗ್ಗದ ಕಾಲೇಜಿನಿಂದ ರಜೆಗೆ ಬಂದ ಹುಡುಗನು ಒಂದು ಸಾಯಂಕಾಲ ತನ್ನ ಫೋನಿನಲ್ಲಿ ಪಾಶ್ಚಾತ್ಯ ವಾದ್ಯಸಂಗೀತವೊಂದನ್ನು ಕೇಳುತ್ತಿದ್ದನು. ಅವನ ಚಿಕ್ಕ ತಂಗಿಯು ಓಡಿಬಂದು, "ಅಣ್ಣಾ, ಇದು ವಾಚಿನ ಹಾಡಲ್ಲವೇ?" ಅಂದಳು. ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯು ತಲೆಯೆತ್ತಿ, "ವಾಚು ಬರುವದಕ್ಕೆ ಮುಂಚೆ ಅದು ಯಾರ ಹಾಡಾಗಿತ್ತು, ಮಗಾ?" ಎಂದು ಕೇಳಿದಳು. ಮಗುವಿಗೆ ಉತ್ತರ ತಿಳಿಯಲಿಲ್ಲ. ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದೀತು?

ಆ ಸಂಗೀತವು ಮೊಜಾರ್ಟನ 25ನೆಯ ಸಿಂಫನಿ. 1773ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ, ಅವನು ಅದನ್ನು ಬರೆದನು. ಅದರ ಮೊದಲನೆಯ ಭಾಗವು ತಳಮಳದಿಂದ ತುಂಬಿದ್ದು. ಬಿರುಗಾಳಿಗೆ ಸಿಕ್ಕಿದ ಮನಸ್ಸಿನ ಹಾಗೆ ಅದು ಒಂದು ಕ್ಷಣವೂ ನಿಲ್ಲದೆ ಹೊಯ್ದಾಡುತ್ತದೆ. 1984ರಲ್ಲಿ ಟೈಟನ್ ಎಂಬ ಗಡಿಯಾರದ ಸಂಸ್ಥೆಯು ಸ್ಥಾಪಿತವಾಗಿ, ನಮ್ಮ ಗಡಿಗೆ ಅಂಟಿಕೊಂಡಿರುವ ಹೊಸೂರಿನಲ್ಲಿ ಅದರ ಕಾರ್ಖಾನೆಯಾಯಿತು. ಅದರ ಜಾಹೀರಾತಿಗೆ ಇದೇ ರಾಗವನ್ನು ಆರಿಸಿಕೊಂಡರು. ಪ್ರೀತಿಪಾತ್ರರಿಗೆ ಉಡುಗೊರೆ ಕೊಡುವ ದೃಶ್ಯಗಳ ಸಂಗಡ ಅದು ವರುಷಾನುವರುಷ ಮನೆಮನೆಗಳಲ್ಲಿ ಕೇಳಿಬಂತು. ಹೀಗೆ ಒಬ್ಬ ತರುಣನ ತಳಮಳವು ನಮಗೆ ಉಡುಗೊರೆಯ ಸಂತೋಷವಾಗಿ ಪರಿಚಯವಾಯಿತು.

ಇದು ಒಂದೇ ರಾಗದ ಕಥೆಯಲ್ಲ. ವಿವಿಧ ಭಾರತಿಯಲ್ಲಿ 1967ರಿಂದಲೂ ದೂರದರ್ಶನದಲ್ಲಿ 1976ರಿಂದಲೂ ಜಾಹೀರಾತುಗಳು ಬರಲಾರಂಭಿಸಿದವು. ಅಂದಿನಿಂದ ಸಾಬೂನು, ಚಹಾ, ತಲೆಗೆ ಹಚ್ಚುವ ಎಣ್ಣೆ ಇವೆಲ್ಲವೂ ತಮ್ಮ ತಮ್ಮ ಹಾಡನ್ನು ಸಂಪಾದಿಸಿಕೊಂಡಿವೆ. ಸಿನೆಮಾದ ವಿಷಯವೂ ಹೀಗೆಯೇ. ಶಿಶುನಾಳ ಶರೀಫರ ತತ್ವಪದಗಳನ್ನು ಹಳ್ಳಿಯ ಭಜನೆಯವರು ತಮ್ಮ ತಮ್ಮ ಧಾಟಿಯಲ್ಲಿ ಹಾಡುತ್ತಿದ್ದರು. 1990ರಲ್ಲಿ ನಾಗಾಭರಣರು ಶರೀಫರ ಚಲನಚಿತ್ರವನ್ನು ಮಾಡಿದರು, ಸಿ. ಅಶ್ವಥ್ ಅದಕ್ಕೆ ಸಂಗೀತವನ್ನು ಕೊಟ್ಟರು. ಈಗ ಶರೀಫರ ಪದವೆಂದ ಕೂಡಲೆ ಅನೇಕರ ಕಿವಿಗೆ ಬರುವದು ಅಶ್ವಥ್ ಅವರ ಧಾಟಿಯೇ.

ಇದನ್ನು ನೋಡಿ ಕೆಲವು ಹಿರಿಯರು, ಸಂಗೀತವು ಸಂತೆಗೆ ಬಂದು ಕೆಟ್ಟುಹೋಯಿತೆಂದು ವ್ಯಸನಪಡುತ್ತಾರೆ. ಅವರ ವ್ಯಸನವನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಆದರೆ ಹೊಸ ಜೊತೆ ಸೇರಿದ ಮಾತ್ರಕ್ಕೆ ರಾಗವು ಕೆಡುವದೋ? ಹಾಗೆಂದರೆ ದೇವಾಲಯದಲ್ಲಿ ಹಾಡುವ ನಾವೇ ಮೊದಲು ತಲೆತಗ್ಗಿಸಬೇಕಾದೀತು. ಜರ್ಮನಿಯ ಹಾಸ್ಲರ್ ಎಂಬವನು 1601ರಲ್ಲಿ ಒಂದು ಪ್ರೇಮಗೀತೆಯನ್ನು ಅಚ್ಚುಹಾಕಿಸಿದನು. ಹೆಣ್ಣೊಬ್ಬಳಿಗೆ ಮನಸೋತವನ ಅಳಲು ಅದು. ಕೆಲವು ವರುಷಗಳಲ್ಲಿ ಅದೇ ರಾಗವನ್ನು ಮರಣವನ್ನು ಕುರಿತ ಕೀರ್ತನೆಗೆ ಹೊಂದಿಸಿದರು. ಬಳಿಕ ಪೌಲ್ ಗೆರ್ಹಾರ್ಟನು ಕ್ರಿಸ್ತನ ಶ್ರಮೆಯನ್ನು ಕುರಿತು ಬರೆದ ಕೀರ್ತನೆಗೆ ಅದು ಕೂಡಿಕೊಂಡಿತು. 1727ರಲ್ಲಿ ಬಾಖನು ತನ್ನ ಮತ್ತಾಯನ ಶ್ರಮಾಗಾನದಲ್ಲಿ ಅದನ್ನು ಮತ್ತೆ ಮತ್ತೆ ತಂದು, ಪ್ರತಿಸಾರಿಯೂ ಹೊಸ ಗಾಂಭೀರ್ಯವನ್ನು ಕೊಟ್ಟನು. ಇಂದು ಶುಭ ಶುಕ್ರವಾರದಲ್ಲಿ ಅದನ್ನು ಕೇಳಿ ಕಣ್ಣೀರಿಡುವವರಲ್ಲಿ ಯಾರಿಗೂ ಆ ಪ್ರೇಮಿಯ ನೆನಪು ಬಾರದು. ಇನ್ನೊಂದನ್ನು ನೋಡಿರಿ. ಅನೇಕ ವಿವಾಹಗಳಲ್ಲಿ ವಧುವು ಒಳಗೆ ಬರುವಾಗ ನುಡಿಸುವ ರಾಗವು ವಾಗ್ನರನು ಬರೆದು 1850ರಲ್ಲಿ ರಂಗಕ್ಕೆ ಬಂದ ಒಂದು ಗೀತನಾಟಕದ್ದು. ಆ ನಾಟಕದಲ್ಲಿಯಾದರೋ, ಆ ಹಾಡು ಮುಗಿದ ರಾತ್ರಿಯೇ ದಂಪತಿಗಳು ಅಗಲುತ್ತಾರೆ! ಆ ಕಥೆಯನ್ನು ನೆನಸಿ ಯಾವ ವಧುವೂ ಹಿಂದೆಗೆಯುವದಿಲ್ಲ.

ಆದಕಾರಣ ಒಂದು ಮಾತು ನಿಶ್ಚಯ. ರಾಗಕ್ಕೆ ಮೈಲಿಗೆ ಎಂಬದಿಲ್ಲ. ಒಂದು ಕಾಲುವೆಯಲ್ಲಿ ಹರಿದ ನೀರು ಕೆಟ್ಟ ನೀರಲ್ಲ. ಕೆರೆಯಲ್ಲಿರುವದೂ ಅದೇ ನೀರು. ಹಾಗಾದರೆ ಬಾಖನು ಮಾಡಿದ್ದಕ್ಕೂ ವರ್ತಕನು ಮಾಡುವದಕ್ಕೂ ಭೇದವೇ ಇಲ್ಲವೋ? ಉಂಟು, ಅದನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬಹುದು.

ಮೊದಲನೆಯದು, ರಾಗಕ್ಕೆ ಏನು ದೊರಕಿತು? ಹಾಸ್ಲರನ ರಾಗವು ಬಾಖನ ಕೈಯಲ್ಲಿ ಬೆಳೆಯಿತು. ಶರೀಫರ ಪದಗಳಿಗೂ ಚಲನಚಿತ್ರದಿಂದ ನಾಡಿನ ಎಲ್ಲಾ ಮೂಲೆಗಳಲ್ಲಿ ಹೊಸ ಕಂಠಗಳು ದೊರಕಿದವು. ಈ ಉಪಕಾರವನ್ನು ಮರೆಯುವದು ನ್ಯಾಯವಲ್ಲ. ಜಾಹೀರಾತಾದರೋ ರಾಗದ ತುಣುಕನ್ನು ಮಾತ್ರ ಕತ್ತರಿಸಿಕೊಂಡು, ಉಳಿದದ್ದು ಇದೆಯೆಂಬದನ್ನೇ ನಮಗೆ ತಿಳಿಸುವದಿಲ್ಲ. ಆದರೂ ಅದಿಲ್ಲದಿದ್ದರೆ ಮೊಜಾರ್ಟನ ಒಂದು ಸ್ವರವನ್ನೂ ನಮ್ಮ ಹಳ್ಳಿಯ ಮಗುವು ಕೇಳುತ್ತಿರಲಿಲ್ಲವೆಂದು ಒಬ್ಬರು ಹೇಳಿದರೆ, ಅದನ್ನು ನಾವು ಒಪ್ಪಲೇಬೇಕು.

ಎರಡನೆಯದು, ಕೇಳುವವನು ಒಪ್ಪಿ ಕೇಳಿದನೋ? ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಭಜನೆಗೆ ಹೋಗುವವನು ತಾನಾಗಿ ಹೋಗುತ್ತಾನೆ. ಸಿನೆಮಾಕ್ಕೆ ಹೋಗುವವನೂ ಹಾಗೆಯೇ. ಜಾಹೀರಾತಿನ ರಾಗವು ಕರೆಯದೆ ಬಂದು, ಸಾವಿರ ಸಾರಿ ಬಂದು, ನಮ್ಮ ನೆನಪಿನಲ್ಲಿ ಮನೆಮಾಡುತ್ತದೆ.

ಮೂರನೆಯದೇ ಮುಖ್ಯವಾದದ್ದು. ನೀರು ಯಾರ ಗದ್ದೆಗೆ ಹರಿಯಿತು? ತಂದೆಗೆ ಮಗಳ ಮೇಲಿರುವ ಮಮತೆ, ಉಪಕಾರಸ್ಮರಣೆ, ಅಗಲಿದವರ ನೆನಪು, ಇವನ್ನು ಎಬ್ಬಿಸುವ ಶಕ್ತಿ ರಾಗಕ್ಕುಂಟು. ವರ್ತಕನು ಆ ಭಾವಗಳನ್ನು ಹುಟ್ಟಿಸಲಿಲ್ಲ. ಅವು ನಮ್ಮ ಮನೆಯಲ್ಲಿ ಬಹುಕಾಲದಿಂದ ತುಂಬಿಕೊಂಡ ಕೆರೆ. ಅವನು ತನ್ನ ಸಾಮಾನಿನ ಕಡೆಗೆ ಒಂದು ಕಾಲುವೆಯನ್ನು ಮಾತ್ರ ತೋಡಿದನು. ಇದರಿಂದ ರಾಗಕ್ಕೆ ಆಗುವ ನಷ್ಟವು ಸ್ವಲ್ಪ. ನಮಗೆ ಆಗುವದು ಹೆಚ್ಚು. ಪ್ರೀತಿ ಎಂದ ಕೂಡಲೆ ಕೊಳ್ಳತಕ್ಕ ಒಂದು ವಸ್ತುವು ಮಗುವಿನ ಮನಸ್ಸಿಗೆ ಬಂದರೆ, ಕೊಳ್ಳಲಾರದ ತಂದೆಯು ಆ ಮಗುವಿನ ಎದುರಿನಲ್ಲಿ ಪ್ರೀತಿಯಿಲ್ಲದವನಂತೆ ನಿಲ್ಲಬೇಕಾಗುವದು. ಬಡವರ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಹಾಗಾದರೆ ಟೆಲಿವಿಷನ್ನಿನ ರಾಗಗಳನ್ನೆಲ್ಲಾ ಮನೆಯಿಂದ ಹೊರಗೆ ಹಾಕೋಣವೋ? ಬೇಡ. ಶಂಕರನಾಗ್ ನಿರ್ದೇಶಿಸಿ ಆಗುಂಬೆಯಲ್ಲಿ ಚಿತ್ರಿಸಿದ ಮಾಲ್ಗುಡಿ ಡೇಸ್ ಧಾರಾವಾಹಿಯು 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದಾಗ, ಊರಿನಲ್ಲಿದ್ದ ಒಂದೆರಡು ಪೆಟ್ಟಿಗೆಗಳ ಮುಂದೆ ಕೇರಿಯವರೆಲ್ಲಾ ಕೂತು ನೋಡಿದ ಹಳ್ಳಿಗಳು ಎಷ್ಟೋ ಇದ್ದವು. ಎಲ್. ವೈದ್ಯನಾಥನ್ ಅದಕ್ಕೆ ಮಾಡಿದ ರಾಗವನ್ನು ಈಗ ಕೇಳಿದರೆ, ಅಂದು ತನ್ನನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದ ತಂದೆಯನ್ನು ನೆನಸುವವರುಂಟು. ಆ ರಾಗವು ಟೆಲಿವಿಷನ್ನಿಗೆ ಅಂಟಿಕೊಂಡದ್ದು ನಿಜ. ಆದರೆ ಜನರು ಕೂಡಿ ಕೂತ ಪ್ರೀತಿಗೂ ಅದು ಅಂಟಿಕೊಂಡಿತು. ರಾಗವು ಎಲ್ಲಿಂದ ಬಂತೆಂಬದಕ್ಕಿಂತ, ಅದರ ಸಂಗಡ ನಾವು ಏನನ್ನು ಕಟ್ಟಿದೆವೆಂಬದೇ ಹೆಚ್ಚಿನ ಮಾತು.

ಇಲ್ಲಿ ನಮ್ಮ ತಪ್ಪನ್ನೂ ನಾವು ಒಪ್ಪಿಕೊಳ್ಳಬೇಕು. ಕಾಲುವೆಯಲ್ಲಿ ನೀರು ಹರಿಸದೆ ಬಿಟ್ಟರೆ ಹೂಳು ತುಂಬುವದು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಪದಗಳು ನಿಂತವು. ಅದಕ್ಕೆ ಯಾರನ್ನೂ ದೂರುವಂತಿಲ್ಲ, ಹೆಂಗಸರ ತೋಳಿಗೆ ವಿಶ್ರಾಂತಿ ಬಂತು. ಆದರೆ ಮದುವೆಯ ಸೋಬಾನೆ ಪದಗಳನ್ನು ಯಾವ ಯಂತ್ರವೂ ನಿಲ್ಲಿಸಲಿಲ್ಲ. ಧ್ವನಿವರ್ಧಕವನ್ನು ಬಾಡಿಗೆಗೆ ತಂದು ಹಾಡುವವರನ್ನು ಸುಮ್ಮನೆ ಕೂಡಿಸಿದವರು ನಾವೇ. ನಾವು ನಮ್ಮ ಕಾಲುವೆಯ ಹೂಳನ್ನು ತೆಗೆಯದೆ, ಪಕ್ಕದವನ ಕಾಲುವೆಯಲ್ಲಿ ನೀರು ಹರಿಯುತ್ತದೆಂದು ಗೊಣಗುವದು ಯಾವ ನ್ಯಾಯ?

ಹಿಂದೆ ಊರಿನಲ್ಲಿ ಕೆರೆಯ ನೀರಿಗೆ ನೀರುಗಂಟಿಯೊಬ್ಬನು ಇರುತ್ತಿದ್ದನು. ಯಾವ ಗದ್ದೆಗೆ ಎಷ್ಟು ಹೊತ್ತು ಎಂಬದನ್ನು ಅವನು ನೋಡಿಕೊಳ್ಳುತ್ತಿದ್ದನು. ನಮ್ಮ ಮನೆಯ ಕಿವಿಗೂ ಅಂಥ ಒಬ್ಬ ನೀರುಗಂಟಿ ಬೇಕು. ಅವನ ಕೆಲಸವು ತೂಬನ್ನು ಮುಚ್ಚಿಡುವದಲ್ಲ. ಎಲ್ಲಾ ನೀರೂ ಒಂದೇ ಕಡೆಗೆ ಹೋಗದಂತೆ ನೋಡುವದು. ಒಂದು ರಾಗದ ತುಣುಕು ಮಗುವಿಗೆ ಹಿಡಿಸಿದರೆ, ಅದನ್ನು ಪೂರ್ತಿಯಾಗಿ ಕೇಳಿಸಿರಿ. ಮಾಡಿದವನ ಹೆಸರನ್ನು ಹೇಳಿರಿ. ಕೇಳಿದ್ದನ್ನು ಬಾಯಿಬಿಟ್ಟು ಹಾಡಿರಿ. ಸ್ವಂತ ಕಂಠದಿಂದ, ಸ್ವಂತ ಜನರ ನಡುವೆ ಹತ್ತು ಸಾರಿ ಹಾಡಿದ ರಾಗವನ್ನು ಯಾವ ವರ್ತಕನೂ ಪೂರಾ ಕೊಂಡುಕೊಳ್ಳಲಾರನು.

ಆ ಸಾಯಂಕಾಲ ಹುಡುಗನು ಅಜ್ಜಿಯ ಪ್ರಶ್ನೆಗೆ ಉತ್ತರವನ್ನು ಹುಡುಕಿ, ತಂಗಿಗೆ ಮೊಜಾರ್ಟನ ಹೆಸರನ್ನೂ ವಯಸ್ಸನ್ನೂ ಹೇಳಿದನು. ಅವಳು ಆಶ್ಚರ್ಯಪಟ್ಟು, "ಅಣ್ಣಾ, ನಿನ್ನಷ್ಟೇ ದೊಡ್ಡವನೋ?" ಅಂದಳು. ಬಳಿಕ ಅಜ್ಜಿಯ ಪಕ್ಕಕ್ಕೆ ಸರಿದು, "ಅಜ್ಜೀ, ನಿನಗೆ ಯಾವ ಹಾಡು ಬರುತ್ತದೆ?" ಎಂದು ಕೇಳಿದಳು. ಬಹು ಕಾಲದಿಂದ ಆ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅಜ್ಜಿಯು ಅವರೆಕಾಯಿಯ ಮೊರವನ್ನು ಬದಿಗಿಟ್ಟಳು.