ಹಾಡಿದವನೇ ಮಾರಿದರೆ

ಹಾಡನ್ನು ಕಟ್ಟಿದವನೇ ಅದನ್ನು ಮಾರಲೂ ನಿಲ್ಲಬಹುದೆ? ಸರಸ್ವತಿಯನ್ನು ತಕ್ಕಡಿಯಲ್ಲಿ ತೂಗಬಾರದೆಂಬ ಮಾತನ್ನು ಕೇಳುತ್ತಲೇ ನಾವು ಬೆಳೆದೆವು. ಆದರೆ ಆ ಮಾತನ್ನು ಹೆಚ್ಚು ಗಟ್ಟಿಯಾಗಿ ಆಡುತ್ತಿದ್ದವರು ತಕ್ಕಡಿಯನ್ನು ಕೈಯಲ್ಲಿ ಹಿಡಿದವರೇ ಎಂಬುದನ್ನೂ ಗಮನಿಸಬೇಕು.

ಶಿಕಾಗೋ ನಗರದಲ್ಲಿ 1977ರಲ್ಲಿ ತೆರೆದ ‘ವೇರ್‌ಹೌಸ್’ ಎಂಬ ನೃತ್ಯಶಾಲೆಯ ಹೆಸರಿನಿಂದ ‘ಹೌಸ್’ ಎಂಬ ಸಂಗೀತಪ್ರಕಾರಕ್ಕೆ ಹೆಸರು ಬಂದಿತೆನ್ನುತ್ತಾರೆ. ಯಂತ್ರದ ತಮಟೆ, ನಿಮಿಷಕ್ಕೆ 120ರ ಆಸುಪಾಸಿನ ಪೆಟ್ಟು. ಉಮರ್ಗಾದ ಲಗ್ನದ ಮೆರವಣಿಗೆಗಳನ್ನು ಕಿವಿ ಮುಚ್ಚಿಕೊಂಡು ದಾಟುವ ನಮಗೆ ಅದು ರುಚಿಸುವುದಿಲ್ಲ. ಆ ಮಾತು ಬೇರೆ. ಲಂಡನ್ನಿನ ಫೆಲಿಕ್ಸ್ ಬಕ್ಸ್‌ಟನ್ ಮತ್ತು ಸೈಮನ್ ರ್ಯಾಟ್‌ಕ್ಲಿಫ್ ಎಂಬ ಇಬ್ಬರು ಈ ಸಂಗೀತವನ್ನೇ ಹಿಡಿದು ‘ಬೇಸ್‌ಮೆಂಟ್ ಜ್ಯಾಕ್ಸ್’ ಎಂಬ ಜೋಡಿಯಾದರು. 1994ರಲ್ಲಿ ‘ಅಟ್ಲಾಂಟಿಕ್ ಜ್ಯಾಕ್ಸ್’ ಎಂಬ ಸ್ವಂತ ಧ್ವನಿಮುದ್ರಣ ಸಂಸ್ಥೆಯನ್ನು ತೆರೆದು, ತಮ್ಮ ತಟ್ಟೆಗಳನ್ನು ತಾವೇ ಹೊರತಂದರು. 1999ರಲ್ಲಿ ‘ರೆಮಿಡಿ’ ಎಂಬ ಸಂಪುಟವನ್ನು ಮತ್ತೊಂದು ಸಂಸ್ಥೆ ಪ್ರಕಟಿಸಿತು. ಆ ಹೊತ್ತಿಗೆ ಅವರು ಬೇಡುವವರಾಗಿರಲಿಲ್ಲ, ಮಾತಾಡಿಕೊಳ್ಳುವವರಾಗಿದ್ದರು.

ಇದು ಪಶ್ಚಿಮದ ವ್ಯಾಪಾರಬುದ್ಧಿ ಎನ್ನುವವರು ಉಮರ್ಗಾಕ್ಕೆ ಅನತಿದೂರದ ಕಲ್ಯಾಣವನ್ನು ನೆನೆಯಲಿ. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದು, ತಾನೇ ಮಾರಿ, ಬಂದುದರಲ್ಲಿ ದಾಸೋಹ ನಡೆಸಿದ ಶರಣ. ಅವನ ಕಾಯಕಕ್ಕೆ ಮಾರಾಟದಿಂದ ಮೈಲಿಗೆಯಾಗಲಿಲ್ಲ. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಎರಡು ಭಾಷೆಗಳ ನಡುವೆ ಬದುಕುವ ನಮ್ಮಂಥವರಿಗೆ ಆ ಗಂಟಿನ ಭಾರ ಚೆನ್ನಾಗಿ ತಿಳಿಯುತ್ತದೆ.

ನಿಲಂಗಾ ಕಡೆಯ ಒಂದು ಭಜನಾ ಮೇಳವನ್ನು ಕ್ಯಾಸೆಟ್ಟಿನ ಕಾಲದಲ್ಲಿ ವ್ಯಾಪಾರಿಯೊಬ್ಬ ಇಡೀ ರಾತ್ರಿ ಹಾಡಿಸಿ ಮುದ್ರಿಸಿಕೊಂಡ. ಶಾಲು, ತೆಂಗಿನಕಾಯಿ, ಕೈಗಿಷ್ಟು ಹಣ. ಮುಂದಿನ ಜಾತ್ರೆಯಲ್ಲಿ ಮೇಳದ ಹಿರಿಯ ತನ್ನ ದನಿಯನ್ನು ತಾನೇ ದುಡ್ಡು ಕೊಟ್ಟು ಕೊಂಡ. ಮೋಸವೆಂದು ಅವನಿಗೆ ಅನಿಸಲಿಲ್ಲ, ನಮಗೆ ಅನಿಸಿತು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಣದ ಒಡೆಯ ಅದನ್ನು ಮಾಡಿಸಿದವನು, ಹಾಡಿದವನಲ್ಲ. ಆ ಒಡೆತನ ಪ್ರಕಟವಾದ ಮೇಲೆ 60 ವರ್ಷ ನಿಲ್ಲುತ್ತದೆ. ಹಾಡುಗಾರನ ಹಕ್ಕನ್ನು ಕಾಯಿದೆ ಆಮೇಲೆ ಬಲಪಡಿಸಿದ್ದು ನಿಜ. ಆದರೆ ಕಾಗದವನ್ನೇ ಓದದೆ ಹೆಬ್ಬೆಟ್ಟೊತ್ತಿದವನಿಗೆ ಅದರಿಂದೇನು?

ನಮ್ಮ ಗಡಿಯಲ್ಲಿ ಇನ್ನೂ ಒಂದು ತೊಡಕಿದೆ. ಉದಗೀರಿನಲ್ಲಿ ಹಾಡಿದ ಕನ್ನಡ ತತ್ವಪದವನ್ನು ಮುಂಬಯಿಯವರು ಕೊಳ್ಳುವುದಿಲ್ಲ, ಅದು ಮರಾಠಿಯಲ್ಲ. ಬೆಂಗಳೂರಿನವರೂ ಕೊಳ್ಳುವುದಿಲ್ಲ, ಆ ಉಚ್ಚಾರ ಅವರದಲ್ಲ. 1956ರ ಗೆರೆ ನೆಲದ ಮೇಲೆ ಮಾತ್ರವಲ್ಲ, ಪೇಟೆಯ ಮೇಲೂ ಬಿದ್ದಿದೆ. ಹಾಗಿರುವಾಗ ತಾವೇ ಮುದ್ರಿಸಿ ತಾವೇ ಹಂಚುವುದು ಲೋಭವೆನಿಸದು. ಬೇರೆ ಯಾರೂ ಆ ದನಿಯನ್ನು ಉಳಿಸುವುದಿಲ್ಲ.

ಇದರಲ್ಲಿ ಅಪಾಯವಿಲ್ಲವೆಂದಲ್ಲ. ತಾನೇ ಕಟ್ಟಿ ತಾನೇ ಪ್ರಕಟಿಸುವವನಿಗೆ ‘ಇದು ಬೇಡ’ ಎನ್ನುವವರು ಯಾರು? ಸ್ವಂತ ಖರ್ಚಿನಲ್ಲಿ ಅಚ್ಚಾದ ಕವನಸಂಕಲನಗಳನ್ನು ಸನ್ಮಾನಸಭೆಗಳಲ್ಲಿ ಸ್ವೀಕರಿಸಿದ ನಾವೆಲ್ಲ ಇದರ ಉತ್ತರವನ್ನು ಬಲ್ಲೆವು. ಆ ಲಂಡನ್ನಿನವರು ಇಬ್ಬರಾಗಿದ್ದುದರಲ್ಲಿ ಅರ್ಥವಿದೆಯೆಂದು ನಮಗೆ ತೋರುವುದು ಇಲ್ಲಿಯೇ. ಒಬ್ಬನು ಒಪ್ಪದಿದ್ದರೆ ಹಾಡು ಹೊರಬೀಳದು. ಭಜನೆಯಲ್ಲಿಯೂ ಮುಮ್ಮೇಳದವನ ತಪ್ಪು ಮೊದಲು ಕೇಳಿಸುವುದು ಹಿಮ್ಮೇಳದವನಿಗೆ.

ಈಗ ಅದೇ ನಿಲಂಗಾ ಕಡೆಯ ಇಬ್ಬರು ತರುಣರು ಮೊಬೈಲಿನಲ್ಲಿ ತಮ್ಮ ಪದಗಳನ್ನು ಮುದ್ರಿಸಿ ಹೊರತರಲು ಹೊರಟಿದ್ದಾರೆ. ಕರಾರನ್ನು ಕನ್ನಡದಲ್ಲಿ ಬರೆದುಕೊಡಿರೆಂದು ನಮ್ಮಲ್ಲಿಗೆ ಬಂದಿದ್ದರು. ಇಬ್ಬರ ಪಾಲನ್ನು ಸಮವೆಂದು ಬರೆದೆವು. ಡಗ್ಗಾ ಬಾರಿಸುವವನ ಪಾಲಿನ ಸಾಲನ್ನು ಖಾಲಿ ಬಿಟ್ಟು, ಮೊದಲು ಅವನನ್ನು ಕರೆತನ್ನಿರೆಂದು ಹೇಳಿ ಕಳುಹಿಸಿದ್ದೇವೆ.