ತೆಗೆದದ್ದು ಮತ್ತು ಉಳಿದದ್ದು

ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಕಛೇರಿಯಿದೆ. ಆ ಕಟ್ಟಡದ ಹೆಸರು ‘ವಸುಧಾ ಭವನ’. ವಸುಧೆ ಎಂದರೆ ಸಂಪತ್ತನ್ನು ಧರಿಸಿದವಳು. ಆಕೆ ಧರಿಸಿದ ಸಂಪತ್ತನ್ನು ಹೊರತೆಗೆದವರು ಯಾರಿಗೆ ಲೆಕ್ಕ ಒಪ್ಪಿಸಬೇಕು? ಈ ಪ್ರಶ್ನೆಯನ್ನು ಕೋಲಾರದ ಚಿನ್ನದ ಗಣಿಗಳು ಇಂದಿಗೂ ನಮ್ಮ ಮುಂದಿಡುತ್ತವೆ.

ಸುಮಾರು 250 ಕೋಟಿ ವರ್ಷಗಳ ಹಿಂದೆ ಅಲ್ಲಿನ ಶಿಲೆಗಳ ಬಿರುಕುಗಳಲ್ಲಿ ಹರಿದ ಬಿಸಿನೀರು ಬೆಣಚುಕಲ್ಲಿನೊಂದಿಗೆ ಚಿನ್ನವನ್ನೂ ನೆಲೆಗೊಳಿಸಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ, ಆ ಎಳೆಯನ್ನು ಹಿಂಬಾಲಿಸಿ ಮನುಷ್ಯರು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಸುಮಾರು 800 ಟನ್ ಚಿನ್ನ ಮೇಲಕ್ಕೆ ಬಂತು. ಗಣಿಯ ಯಂತ್ರಗಳಿಗಾಗಿ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು. ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು ಅನಂತರ, 1905ರಲ್ಲಿ. ನಮ್ಮ ನಗರದ ಬೆಳಕಿಗೂ ಆ ಕತ್ತಲೆಗೂ ಹೀಗೊಂದು ನಂಟಿದೆ.

ಒಂದು ಟನ್ ಕಲ್ಲಿನಲ್ಲಿ ದೊರೆಯುತ್ತಿದ್ದ ಚಿನ್ನ ಗ್ರಾಂಗಳ ಲೆಕ್ಕದ್ದು. ಉಳಿದ ಕಲ್ಲೆಲ್ಲ ಪುಡಿಯಾಗಿ ‘ಸಯನೈಡ್ ದಿಬ್ಬ’ಗಳಾಯಿತು, ಗಾಳಿ ಬೀಸಿದಾಗ ಅದರ ಧೂಳು ಮನೆಗಳ ಮೇಲೆ ಬೀಳುತ್ತದೆ. ಬಂಡೆಸಿಡಿತದಲ್ಲಿ ಜೀವ ತೆತ್ತವರು, ಕಲ್ಲುಧೂಳಿನಿಂದ ಶ್ವಾಸಕೋಶ ಕಳೆದುಕೊಂಡವರು ಯಾವ ತಕ್ಕಡಿಯಲ್ಲೂ ತೂಗಲ್ಪಡಲಿಲ್ಲ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಚಿನ್ನ ಊರು ಬಿಟ್ಟು ಹೋಗಿತ್ತು. ದಿಬ್ಬಗಳೂ ಜನರೂ ಉಳಿದರು.

ದುಡಿದವರಿಗೆ ಕೂಲಿ ಸಂದಿದೆ, ನಷ್ಟದ ಗಣಿಯನ್ನು ಎಷ್ಟು ಕಾಲ ನಡೆಸಲಾದೀತು ಎಂದು ಕೇಳುವವರಿದ್ದಾರೆ. ಆ ಮಾತನ್ನು ತಳ್ಳಿಹಾಕಲಾಗದು. ಆದರೆ ಗಣಿಯನ್ನು ಮುಚ್ಚಿದ ಮಾತ್ರಕ್ಕೆ ಹೊಣೆಯೂ ಮುಚ್ಚಿಹೋಗುವುದೇ? ಹೊಲದಿಂದ ಬೆಳೆ ತೆಗೆದ ರೈತ ಗೊಬ್ಬರ ಹಾಕಿ ಮಣ್ಣಿನ ಋಣ ತೀರಿಸುತ್ತಾನೆ. ಅದಿರು ಮತ್ತೆ ಬೆಳೆಯುವುದಿಲ್ಲ. ನೆಲದೊಳಕ್ಕೆ ಹಿಂದಿರುಗಿಸಲಾಗದ್ದನ್ನು ನೆಲದ ಮೇಲಿರುವವರಿಗೆ ಹಿಂದಿರುಗಿಸುವುದೊಂದೇ ಉಳಿದ ದಾರಿ: ಶುದ್ಧ ಗಾಳಿ, ಗಟ್ಟಿ ಸೂರು, ಮಕ್ಕಳಿಗೆ ಉದ್ಯೋಗ.

ಯೋಬನ ಗ್ರಂಥದ 28ನೆಯ ಅಧ್ಯಾಯವು ಭೂಗರ್ಭವನ್ನು ಅಗೆಯುವವರ ಸಾಹಸವನ್ನು ವರ್ಣಿಸಿ, ಜ್ಞಾನವು ಚಿನ್ನಕ್ಕೆ ದಕ್ಕದೆಂದು ಸಾರುತ್ತದೆ. ಎಷ್ಟು ತೆಗೆದೆವು ಎಂಬುದು ಗಣಿತದ ಪ್ರಶ್ನೆ. ಏನನ್ನು ಉಳಿಸಿಹೋದೆವು ಎಂದು ಕೇಳಿಕೊಳ್ಳುವುದೇ ಜ್ಞಾನದ ಆರಂಭವಲ್ಲವೇ? ಬೆರಳಲ್ಲಿ ಉಂಗುರ ಧರಿಸಿದ ನಾವೆಲ್ಲರೂ ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರೇ.